ಏಳನೇ ಬ್ಯಾರನ್

“ಕಳ್ಳ ಅಂದ್ರಲ್ಲ, ಯಾವ ಕಳ್ಳ? ಹೆಸರು ಹೇಳಿ ಅತ್ತಿಗೆ. ಸುಮ್ನೆ ನನ್ನ ಶೆಡ್ಡಿನ ಆಳುಗಳ ಮೇಲೆ ಹಾಕಬ್ಯಾಡಿ.”

“ಎಸರು ಬೇಕಾ ನಿಂಗೆ? ಐದು ಟ್ರ್ಯಾಕ್ಟರ್ ಸೌದೆ ಪೇರ್ಸಿದ್ದೆ ಇಲ್ಲಿ. ಈಗ ನೋಡು, ಎರಡೂ ಆಗಾಕಿಲ್ಲ. ಮಿಕ್ಕ ಮೂರನ್ನ ಗೆದ್ಲು ತಿಂತಾ, ಇಲ್ಲ ನೀನೇ ತಿಂದ್ಯಾ?”

“ನಾಲಿಗೆ ಬಿಗಿ ಹಿಡಿದು ಮಾತಾಡಿ.”

“ನೀನು ನಾಲ್ಗೆ ಬಿಗಿ ಇಡಿದಿದ್ನ ನಾನು ಯಾವತ್ತೂ ಕಾಣ್ನಿಲ್ಲ. ನಂಗೆ ಏಳ್ಕೊಡಾಕೆ ಬಂದ.”

ಬೀರಮ್ಮ ನನ್ನ ಅಣ್ಣ ದಾಸಯ್ಯನ ಹೆಂಡತಿ. ಜಗಳ ನಡೆದದ್ದು ಕಟ್ಟೆಮಳಲವಾಡಿಯಲ್ಲಿ, ಅವರ ಹೊಗೆಸೊಪ್ಪಿನ ಬ್ಯಾರನ್ ಮುಂದೆ, ಎರಡು ಸಾವಿರದ ನಾಲ್ಕನೇ ಇಸವಿಯ ಸೆಪ್ಟೆಂಬರಿನಲ್ಲಿ. ಹುಣಸೂರಿನಲ್ಲಿ ಹೋಟೆಲ್ ಇಟ್ಟಿರುವ ಲಿಂಗಯ್ಯ ಸೌದೆ ಒಯ್ಯಲು ಟ್ರ್ಯಾಕ್ಟರ್ ತಂದಿದ್ದ. ಇಂಜಿನ್ ಆರಿಸದೆ ಸೀಟಿನ ಮೇಲೇ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದ. ನಾನು ಮಾಡಿದ ಹೊಸ ಒಲೆಗೆ ಸೌದೆಯೇ ಬೇಡವೆಂದು ಅತ್ತಿಗೆ ಇಡೀ ರಾಶಿಯನ್ನು ಅವನಿಗೆ ಮಾರಿದ್ದರು. ರಾಶಿ ಅರ್ಧಕ್ಕಿಂತ ಕಮ್ಮಿಯಾಗಿದೆಯೆಂದು ಮೊದಲು ಹೇಳಿದವನು ಅವನೇ.

ಬೇಲಿಯಾಚೆ ಪಕ್ಕದ ಹೊಲದ ಚಿಕ್ಕಬೀರಯ್ಯ ಕೂತು ಬೀಡಿ ಸೇದುತ್ತಿದ್ದ. ಅವನು ಯಾರ ಪರವೂ ಅಲ್ಲದವನ ಹಾಗೆ ಹೇಳಿದ: “ಕಳ್ತನ ಎಲ್ಲಿಂದ ಬಂತಮ್ಮಿ. ನಾನೊಬ್ಬನೇ ಒಂದೈವತ್ತು ಕೊರಡು ಇಕ್ಕಿರಬೈದು.”

“ಎಲ್ಲಿಗೆ ಇಕ್ಕಿದ್ದು?” ಎಂದೆ.

“ಒಲೆಗೆ ಕಣ್ಲಾ. ಇನ್ನೆಲ್ಲಿಗೆ, ನಿನ್ನ ತಲೆಗಾ? ದಿನಾ ಬತ್ತಿದ್ನಲ್ಲ ನೋಡಕ್ಕೆ. ಬಂದೋನು ಒಂದು ಕೊರಡು ಇಕ್ಕದೆ ಕೂತ್ಕತಾನಾ?”

ನಾನು ಸೌದೆ ರಾಶಿಯ ಕಡೆ ತಿರುಗಿದೆ. ಅತ್ತಿಗೆಯೂ ತಿರುಗಿದರು. ಲಿಂಗಯ್ಯ ಇಂಜಿನ್ ಆರಿಸಿದ.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಹೇಳಬೇಕು. ಬ್ಯಾರನ್ ಅಂದರೆ ಎತ್ತರದ ಗೋಡೆಯ, ಕಿಟಕಿ ಇಲ್ಲದ ಕೋಣೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಅದರೊಳಗೆ ತೂಗುಹಾಕುತ್ತಾರೆ. ಹೊರಗೆ ಒಲೆ. ಒಲೆಯ ಬಿಸಿ ತಗಡಿನ ಕೊಳವೆಗಳಲ್ಲಿ ಒಳಗೆ ಸುತ್ತಿ ಐದಾರು ದಿನದಲ್ಲಿ ಸೊಪ್ಪನ್ನು ಬೇಯಿಸುತ್ತದೆ. ಆ ಐದಾರು ದಿನ ಬೆಂಕಿ ಇಳಿಯಬಾರದು. ಇಳಿದರೆ ವರ್ಷದ ದುಡಿಮೆ ಕೆಟ್ಟಿತು. ಅದಕ್ಕೆ ನಮ್ಮಲ್ಲಿ ಒಂದು ರೂಢಿ. ಉರಿಯುವ ಬ್ಯಾರನ್ ಹತ್ತಿರ ಯಾರೇ ಬರಲಿ, ನೆಂಟನಾಗಲಿ, ದಾರಿಹೋಕನಾಗಲಿ, ಆಗದವನಾಗಲಿ, ಒಂದು ಕೊರಡು ಒಲೆಗೆ ಇಟ್ಟು ಆಮೇಲೆ ಕೂರಬೇಕು. ಯಾರೂ ಹೇಳಿಕೊಡುವುದಿಲ್ಲ. ಬಂದವರು ಚಪ್ಪಲಿ ಬಿಟ್ಟು ಮನೆಯೊಳಗೆ ಬರುವುದನ್ನು ಯಾರಾದರೂ ಗಮನಿಸುತ್ತಾರೆಯೆ? ಹಾಗೆ ಇದು.

ಆರು ಬ್ಯಾರನ್ ಸೊಪ್ಪು, ಅಂದರೆ ಆರು ಸಲ ತುಂಬಿದ್ದು, ಆ ಹೊಸ ಒಲೆಯಲ್ಲಿ ಬೆಂದಿತ್ತು. ಆರಕ್ಕೂ ನಮ್ಮ ಪುಸ್ತಕದಲ್ಲಿ ಸೌದೆಯ ಕಾಲಂನಲ್ಲಿ ಸೊನ್ನೆ ಬರೆದಿತ್ತು.

ನಾನು ಕನಕರಾಜು. ಗಾವಡಗೆರೆ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿ, ಹುಣಸೂರು ರಸ್ತೆಯಲ್ಲಿ ಶೆಡ್ ಹಾಕಿಕೊಂಡು ಇಪ್ಪತ್ತೈದು ವರ್ಷ ಬ್ಯಾರನ್ ಕೊಳವೆ ಬೆಸೆದವನು. ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರದವರೆಗೂ ನನ್ನ ಕೊಳವೆ ಇಲ್ಲದ ಊರು ಕಮ್ಮಿ. ಕೊಳವೆ ಮಾರಲು ಕುಶಾಲನಗರದ ಕಡೆ ಹೋದಾಗಲೆಲ್ಲ ಕಾಫಿ ಹೊಟ್ಟನ್ನು ರಸ್ತೆ ಬದಿಯಲ್ಲಿ ಬೆಟ್ಟದ ಹಾಗೆ ಸುರಿದು ಸುಮ್ಮನೆ ಸುಡುವುದನ್ನು ನೋಡುತ್ತಿದ್ದೆ. ಇಲ್ಲಿ ನಾವು ಸೌದೆಗೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಅಲ್ಲಿ ಬೆಂಕಿ ಬೀದಿಪಾಲು.

ಅದನ್ನು ಕಂಪನಿ ಮಾಡಬಹುದು ಎಂದವಳು ಪವಿತ್ರಾ, ಅಣ್ಣನ ಮಗಳು. ಬಿ.ಕಾಂ. ಮುಗಿಸಿದ್ದಳು. ಮೈಸೂರಿನಲ್ಲಿ ಸ್ವಂತ ಉದ್ಯೋಗದ ಶಿಬಿರಕ್ಕೆ ಹತ್ತು ದಿನ ಹೋಗಿ ಬಂದು, ಒಂದು ಅಮಾವಾಸ್ಯೆ ದಿನ ಶೆಡ್ ಮುಚ್ಚಿದ್ದಾಗ ನಮ್ಮನ್ನೆಲ್ಲ ಅಲ್ಲೇ ಸೇರಿಸಿದಳು. ಕ್ಯಾಲೆಂಡರ್ ಹಾಳೆಯ ಹಿಂಬದಿಯನ್ನು ಗೋಡೆಗೆ ಅಂಟಿಸಿ, “ಯಾರಿಗೆ ಏನು ತೋಚುತ್ತೋ ಹೇಳಿ. ಎಲ್ಲಾ ಬರೀತೀನಿ. ಒಂದೇ ಒಂದು ರೂಲು, ಯಾರ ಮಾತಿಗೂ ಯಾರೂ ನಗಂಗಿಲ್ಲ, ಬಯ್ಯಂಗಿಲ್ಲ,” ಎಂದಳು.

“ಅಂಗಾದ್ರೆ ನಿಮ್ಮ ಚಿಕ್ಕಪ್ಪನ್ನ ಈಚೆ ಕಳ್ಸು,” ಎಂದರು ಅತ್ತಿಗೆ.

ಅಣ್ಣ, ಬಗ್ಗದೆ ಅಡಿ ಎಲೆ ಮುರಿಯುವ ಕುಡುಗೋಲು ಬೇಕೆಂದ. ಅತ್ತಿಗೆ, ಒಲೆ ಮುಂದೆ ಕೂತವರ ಮುಖಕ್ಕೆ ಹೊಗೆ ಬಾರದ ಉಪಾಯ ಬೇಕೆಂದರು. ನಾನು ಎರಡಕ್ಕೂ ನಕ್ಕೆ, ಬೈದೆ. ಪವಿತ್ರಾ ಎರಡನ್ನೂ ಬರೆದಳು. ಹನ್ನೊಂದು ಆಯಿತು ಒಟ್ಟು. ಆಮೇಲೆ ಒಂದೊಂದನ್ನೇ ಕೇಳುತ್ತಾ ಹೋದಳು. ಇದನ್ನು ಯಾರು ಕೊಳ್ಳುತ್ತಾರೆ? ನಮ್ಮ ಹತ್ತಿರವೇ ಯಾಕೆ ಕೊಳ್ಳಬೇಕು? ಕೆಲಸ ಮಾಡುತ್ತದೆ ಅಂತ ತೋರಿಸುವುದು ಹೇಗೆ? ಉತ್ತರ ಇಲ್ಲದ್ದನ್ನು ಹೊಡೆದುಹಾಕಿದಳು. ಸಂಜೆಗೆ ಹಾಳೆಯಲ್ಲಿ ನನ್ನ ಹೊಟ್ಟಿನ ಒಲೆ ಒಂದೇ ಉಳಿಯಿತು.

ಹೊಟ್ಟು ಪುಸ್ಸನೆ ಹತ್ತಿ ಪುಸ್ಸನೆ ಆರುವ ವಸ್ತು. ಹಾಗೇ ಸುರಿದರೆ ಒಲೆ ಕಟ್ಟಿಕೊಳ್ಳುತ್ತದೆ. ಮೇಲೊಂದು ತಗಡಿನ ಬುಟ್ಟಿ, ಅದರ ಬುಡಕ್ಕೆ ಅಲುಗಾಡುವ ತಟ್ಟೆ, ತಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಉದುರಿ ಗಾಳಿಯಲ್ಲೇ ಉರಿಯುವ ಹಾಗೆ ಮಾಡಲು ನನಗೆ ಎಂಟು ತಿಂಗಳು ಹಿಡಿಯಿತು. ನಾಲ್ಕು ಒಲೆ ಒಡೆದೆ. ಐದನೆಯದು ನಿಂತಿತು. ಬೂದಿ ಎಳೆಯಲು ಅದರ ಬುಡದಲ್ಲಿ ಹಳೆಯ ಕಾಲದ ಬಾಗಿಲನ್ನೇ ಬಿಟ್ಟಿದ್ದೆ. ಬಂದವರು ಆ ಬಾಗಿಲು ತೆಗೆದು, ಬೆಂಕಿ ನೋಡಿ, ಒಂದು ಕೊರಡು ಒಳಗೆ ತಳ್ಳಿ ಮುಚ್ಚುತ್ತಿದ್ದರು. ನಾನು ನೋಡಿದ್ದೆ. ಪವಿತ್ರಾ ನೋಡಿದ್ದಳು. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಪರೀಕ್ಷೆಗೆ ಬ್ಯಾರನ್ ಕೊಟ್ಟವನು ಅಣ್ಣ. ದಾಸಯ್ಯ ಬೇಯಿಸಿದ ಸೊಪ್ಪು ಅಂದರೆ ಹರಾಜಿನಲ್ಲಿ ಬೇರೆ ಮಾತಿಲ್ಲ. ಗೋಡೆಗೆ ಅಂಗೈ ಇಟ್ಟು ಒಳಗಿನ ಬಿಸಿ ಹೇಳುತ್ತಿದ್ದ, ಥರ್ಮಾಮೀಟರಿಗೂ ಅವನಿಗೂ ಎರಡು ಡಿಗ್ರಿ ವ್ಯತ್ಯಾಸ ಬರುತ್ತಿರಲಿಲ್ಲ. ಅಂಥವನು ತನ್ನ ಬ್ಯಾರನ್ನಿನ ಹಳೆ ಒಲೆ ಒಡೆಯಲು ಬಿಟ್ಟದ್ದು ತಮ್ಮ ಕೇಳಿದನೆಂದು, ಬೇರೆ ಯಾವ ಕಾರಣಕ್ಕೂ ಅಲ್ಲ.

ಆರು ಬ್ಯಾರನ್ನಿಗೂ ಬಂಗಾರದ ಬಣ್ಣ ಬಂತು. ಸುದ್ದಿ ಹರಡಿ ಎಲ್ಲೆಲ್ಲಿಂದಲೋ ಜನ ಬಂದರು. ಬೇಡಿಕೆ ಇದೆ ಎಂದು ದುಡ್ಡು ಹಾಕುವವರಿಗೆ ತೋರಿಸಲು ಪವಿತ್ರಾ ಒಂದು ನೋಟ್‌ಬುಕ್ ಇಟ್ಟು, ಬಂದವರ ಹೆಸರು, ಊರು ಬರೆಸಿಕೊಂಡಳು. ಮುನ್ನೂರ ಹನ್ನೊಂದು ಹೆಸರು. ದಿನಾ ಬರುವ ಚಿಕ್ಕಬೀರಯ್ಯನಂಥವರನ್ನು ಬಿಟ್ಟು.

ಆ ದುಡ್ಡು ಹಾಕುವವರು ಮುತ್ತಣ್ಣ. ಕುಶಾಲನಗರದಾಚೆ ಕಾಫಿ ಒಣಗಿಸಿ ಹೊಟ್ಟು ಬಿಡಿಸುವ ಕಾರ್ಖಾನೆ ಇಟ್ಟಿದ್ದ ಕೊಡಗಿನವರು, ಅರವತ್ತು ದಾಟಿದವರು. ಅವರ ಕಾಗದ ಒಂದೇ ಪುಟ. ಒಂದು ಬ್ಯಾರನ್ನಿಗೆ ಎಷ್ಟು ಹೊಟ್ಟು ಬೇಕು, ಎಷ್ಟು ಸೌದೆ ಉಳಿಯುತ್ತದೆ, ಮುಂದಿನ ವರ್ಷವೂ ಇದನ್ನೇ ಇಟ್ಟುಕೊಳ್ಳುವ ರೈತ ಯಾರು, ಈ ಮೂರಕ್ಕೆ ಉತ್ತರ ಬರೆದಿಡಿ, ನಾನೇ ಬಂದು ನೋಡುತ್ತೇನೆ, ಸರಿ ಕಂಡರೆ ನೂರು ಒಲೆಗೆ ಬಂಡವಾಳ ಹಾಕುತ್ತೇನೆ. ಪವಿತ್ರಾ ನಲವತ್ತು ಪುಟದ ವರದಿ ಮಾಡಿ ಹುಣಸೂರಿನಲ್ಲಿ ಟೈಪ್ ಮಾಡಿಸಿ ಸುರುಳಿ ಬೈಂಡ್ ಹಾಕಿಸಿದಳು. ನನಗೆ ಹತ್ತು ನಿಮಿಷದ ಮಾತು ಬರೆದುಕೊಟ್ಟು ಬಾಯಿಪಾಠ ಮಾಡಿಸಿದಳು. ಅವಳೇ ಮುತ್ತಣ್ಣನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತು ಕೇಳುವಳು:

“ನಿಮ್ಮ ಒಲೆ ಕೈ ಕೊಟ್ರೆ ರೈತನ ಗತಿ ಏನು, ಕನಕರಾಜು ಅವರೇ?”

“ಯಾಕ್ ಕೈ ಕೊಡ್ತದೆ? ನಿಮ್ಮಪ್ಪ ಮಾಡಿದ್ನಾ ಅದನ್ನ?”

“ಚಿಕ್ಕಪ್ಪ, ಅವರಪ್ಪನ ಸುದ್ದಿ ಎತ್ತಂಗಿಲ್ಲ.”

ಹದಿನೈದು ಸಲ ಆಯಿತು. ಹದಿನಾರನೇ ಸಲಕ್ಕೂ ಆ ಪ್ರಶ್ನೆಗೆ ನನ್ನ ಹತ್ತಿರ ಸಿಟ್ಟು ಬಿಟ್ಟು ಬೇರೆ ಉತ್ತರ ಇರಲಿಲ್ಲ. ಮುತ್ತಣ್ಣ ಬರಲು ಹನ್ನೆರಡು ದಿನ ಇದ್ದಾಗ ಲಿಂಗಯ್ಯನ ಟ್ರ್ಯಾಕ್ಟರ್ ಬಂತು.

ಅತ್ತಿಗೆ ಒಳಗೆ ಹೋದ ಮೇಲೆ ಪವಿತ್ರಾ ಆ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಬ್ಯಾರನ್ ಜಗಲಿಯ ಮೇಲೆ ಕೂತಳು. “ಮುನ್ನೂರ ಹನ್ನೊಂದು ಜನ. ಮುನ್ನೂರ ಹನ್ನೊಂದು ಕೊರಡು,” ಎಂದಳು. “ಮನೆಯೋರು, ಅಕ್ಕಪಕ್ಕದೋರು ಬೇರೆ. ಒಲೆ ನೋಡಕ್ಕೆ ಬಂದೋರೇ ಒಲೆ ಉರಿಸಿದಾರೆ ಚಿಕ್ಕಪ್ಪ.”

ಅಣ್ಣ ಆಗ ಹೊಲದಿಂದ ಬಂದ. ವಿಷಯ ಕೇಳಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. “ಅದ್ಯಾಕೆ ಅಂಗೆ ಮೊಕ ಮಾಡ್ಕಂಡಿದೀರಿ? ಕೊನೆ ದಿನ ದಂಟು ಒಣಗೋ ಹೊತ್ನಾಗೆ ಬಿಸಿ ಏರ್ದಿದ್ರೆ ನಾನೂ ನಾಕು ಇಕ್ತಿದ್ದೆ. ಸೊಪ್ಪು ಚಂದಾಗಿ ಬಂತಲ್ಲ, ಬುಡು.”

“ನೀನೂ ಇಕ್ಕಿದ್ಯಾ?”

“ಇಕ್ಕದೆ? ಬೆಂಕಿ ಇಳೀತಾ ಅದೆ, ಕೈಲಿ ಕೊರಡದೆ. ನೋಡ್ಕಂಡು ಕೂತ್ಕಬೇಕಿತ್ತಾ?”

ನನ್ನ ಮೈ ಉರಿಯಿತು. ಎಂಟು ತಿಂಗಳು ಕಬ್ಬಿಣದ ಜೊತೆ ಗುದ್ದಾಡಿದ್ದು ನಾನು, ಗೆಲ್ಲಿಸಿದ್ದು ದಾರಿಹೋಕರ ಕೊರಡು. ವರದಿಯ ನಲವತ್ತು ಪುಟದಲ್ಲಿ ಪ್ರತಿ ಪುಟವೂ ಆ ಸೊನ್ನೆಯ ಮೇಲೆ ನಿಂತಿತ್ತು.

ಪವಿತ್ರಾ ಮೆಲ್ಲಗೆ ಹೇಳಿದಳು: “ಮೂರು ಟ್ರ್ಯಾಕ್ಟರ್ ಹೋಗಿದೆ. ಹಳೇ ಒಲೇಲಿ ಆರು ಬ್ಯಾರನ್ನಿಗೆ ಆರಾದ್ರೂ ಬೇಕಿತ್ತು. ಅರ್ಧ ಉಳಿದಂಗೆ ಆಯ್ತಲ್ಲ. ಅಂಗೇ ಬರೆಯೋಣ.”

“ಅಂದಾಜು ಬರೆದು ಕೊಡ್ತೀಯಾ ಅವರಿಗೆ? ಹೋದ ಮೂರರಲ್ಲಿ ಒಲೆಗೆ ಎಷ್ಟು, ಸ್ನಾನದ ನೀರು ಕಾಯಿಸೋಕೆ ಎಷ್ಟು, ಯಾರು ಕಂಡೋರು? ಇನ್ನೊಂದು ಬ್ಯಾರನ್ ಮಾಡ್ತೀನಿ. ಒಂದು ಚಕ್ಕೆ ಒಳಗೆ ಹೋಗಬಾರದು. ಹೊಟ್ಟು ಮಾತ್ರ.”

ಹೊಲದಲ್ಲಿ ಕೊನೆಯ ಮುರಿತ ಉಳಿದಿತ್ತು. ತುದಿ ಎಲೆ. ತುದಿ ಎಲೆಗೆ ರೇಟು ಜಾಸ್ತಿ, ದಂಟೂ ದಪ್ಪ. ಅಣ್ಣ ಬೆರಳು ಮಡಚಿ ಏನೋ ಯೋಚಿಸಿದ. ಅವನಿಗೆ ಇಷ್ಟವಿರಲಿಲ್ಲ, ಗೊತ್ತಾಗುತ್ತಿತ್ತು. “ಕೊನೇ ಸೊಪ್ಪು ಕಣ್ಲಾ ಕನಕ. ಈ ವರ್ಸದ್ದು ಇನ್ನಿಲ್ಲ,” ಎಂದ.

“ನಂಬಿಕೆ ಇಲ್ಲದಿದ್ರೆ ಇಲ್ಲ ಅನ್ನು.”

“ಇಲ್ಲ ಅಂದ್ನಾ? ತಕ್ಕೋ. ಬಾಗ್ಲು ತೆಗೆಯೋಗಂಟ ಬ್ಯಾರನ್ ನಿಂದು. ನಾನು ಕೈ ಇಕ್ಕಾಕಿಲ್ಲ.”

ಮಾತು ಕೊಟ್ಟರೆ ಅವನು ಕೊಟ್ಟ ಹಾಗೆಯೇ.

ಮಾರನೇ ದಿನ ಸೊಪ್ಪು ಕಟ್ಟಿದೆವು. ಉಳಿದಿದ್ದ ಸೌದೆಯಲ್ಲಿ ಒಂದು ಟ್ರ್ಯಾಕ್ಟರನ್ನು ಲಿಂಗಯ್ಯ ಒಯ್ದ, ಮಿಕ್ಕದ್ದನ್ನು ನಾನೇ ಹಿತ್ತಲ ಆಚೆ ಮೂಲೆಗೆ ಸಾಗಿಸಿದೆ. ಬ್ಯಾರನ್ ಸುತ್ತ ಹಗ್ಗ ಕಟ್ಟಿದೆ. ಬೂದಿ ಬಾಗಿಲಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಂದವರು ಹಗ್ಗದಾಚೆ ನಿಂತು, ಕೈ ಎಲ್ಲಿಡಬೇಕೋ ತಿಳಿಯದವರ ಹಾಗೆ ನಿಂತು, ಹೊರಟುಹೋಗುತ್ತಿದ್ದರು. ಚಿಕ್ಕಬೀರಯ್ಯ ಒಂದು ಕೊರಡು ಹಿಡಿದುಕೊಂಡೇ ಬಂದಿದ್ದ. ನಾನು ಬೈದ ಬೈಗುಳಕ್ಕೆ ಅದನ್ನು ಅಲ್ಲೇ ಎಸೆದು, “ನಿನ್ನ ಒಲೆ ನಿಂಗೇ ಇರ್ಲಿ ಕಣೋ, ಬ್ಯಾರನ್ ಏನು ನಿಂದಾ?” ಎಂದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಮೊದಲ ನಾಲ್ಕು ದಿನ ಒಲೆ ದೇವರ ಹಾಗೆ ನಡೆಯಿತು. ಎಲೆ ಹಳದಿಗೆ ತಿರುಗಿತು, ಬಣ್ಣ ನಿಂತಿತು, ಎಲೆಯ ಹರವು ಒಣಗಿತು. ಪವಿತ್ರಾ ಎರಡು ಗಂಟೆಗೊಮ್ಮೆ ಡಿಗ್ರಿ ಬರೆದಳು. ಸೌದೆಯ ಕಾಲಂನಲ್ಲಿ ಬರೆದ ಸೊನ್ನೆ ಈ ಸಲ ನಿಜವಾದ ಸೊನ್ನೆ. ನಾನು ಅಣ್ಣನ ಮುಂದೆ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಐದನೇ ದಿನ ದಂಟು ಒಣಗಬೇಕು. ಅದಕ್ಕೆ ನೂರರವತ್ತು ಡಿಗ್ರಿ ಫ್ಯಾರನ್‌ಹೀಟ್ ಬೇಕು. ಬೆಳಿಗ್ಗೆ ನೂರ ಮೂವತ್ತೆಂಟು ಇತ್ತು. ಬುಟ್ಟಿ ತುಂಬ ಹೊಟ್ಟು ಸುರಿದೆ. ನೂರ ನಲವತ್ತು. ತಟ್ಟೆ ಜೋರಾಗಿ ಅಲುಗಾಡಿಸಿದೆ, ಹೊಟ್ಟು ಕಟ್ಟಿಕೊಂಡು ನೂರ ಮೂವತ್ತಾರಕ್ಕೆ ಇಳಿಯಿತು. ಕಂಬಿ ಹಾಕಿ ಕೆದಕಿ ಮತ್ತೆ ನಲವತ್ತಕ್ಕೆ ತಂದೆ. ಮಧ್ಯಾಹ್ನ ತುಂತುರು ಹಿಡಿದು ಗೋಡೆ ತಣ್ಣಗಾಯಿತು. ನೂರ ಮೂವತ್ತೈದು.

ಅಣ್ಣ ಹಗ್ಗದಾಚೆ ಕೂತಿದ್ದ. ಬೆಳಿಗ್ಗೆಯಿಂದ ಕೂತೇ ಇದ್ದ. ಮೂರು ಗಂಟೆಯ ಹೊತ್ತಿಗೆ ಎದ್ದು, ಹಗ್ಗ ದಾಟಿ ಬಂದು, ಗೋಡೆಗೆ ಅಂಗೈ ಇಟ್ಟ. ಹಿತ್ತಲ ಮೂಲೆಗೆ ಹೋಗಿ ಒಂದು ಸಿಲ್ವರ್ ಓಕ್ ಮರದ ಕೊರಡು ಎತ್ತಿಕೊಂಡು ಬಂದ. ಮಗು ಎತ್ತಿಕೊಂಡ ಹಾಗೆ ತೋಳ ಮೇಲಿತ್ತು.

“ಬೀಗ ತೆಗಿ ಕನಕ.”

“ಕೈ ಇಕ್ಕಲ್ಲ ಅಂದಿದ್ದೆ ನೀನು.”

“ಅಂದಿದ್ದೆ. ಸೊಪ್ಪು ಬೆವರ್ತಾ ಅದೆ ಒಳಗೆ. ವಾಸ್ನೆ ಬಂದಿಲ್ವಾ ನಿಂಗೆ? ಇನ್ನು ನಾಕು ತಾಸಿಗೆ ದಂಟಿನ ನೀರು ಎಲೆಗೆ ಇಳೀತದೆ. ಒಂದಿಷ್ಟು ಸೌದೆ ಇಕ್ಕಣ. ಬೆಳಿಗ್ಗೆಗೆ ಒಣಗೋಯ್ತದೆ.”

ಪವಿತ್ರಾ ಓಡಿಹೋಗಿ ಹೊಟ್ಟಿನ ಮೂಟೆ ತೂಗುವ ತಕ್ಕಡಿ ಎಳೆದುಕೊಂಡು ಬಂದಳು. “ಚಿಕ್ಕಪ್ಪ, ತೂಗಿ ಹಾಕೋಣ. ಇಷ್ಟು ಕೆ.ಜಿ. ಸೌದೆ ಅಂತ ಬರೆಯೋಣ. ಅದೂ ಲೆಕ್ಕಾನೇ. ಸುಳ್ಳಲ್ಲವಲ್ಲ.”

ಅವಳು ಹೇಳಿದ್ದು ಸರಿ. ಈಗ ಬರೆಯುವಾಗ ಅದು ಸರಿಯೆಂದು ಮೂರು ಸಲ ಬರೆಯಬಲ್ಲೆ. ಆಗ ನನ್ನ ಕಿವಿಯಲ್ಲಿ ಹೊಟ್ಟು ಉರಿಯುವ ಸದ್ದು ಬಿಟ್ಟು ಬೇರೆ ಏನೂ ಇರಲಿಲ್ಲ. ಒಲೆ ಸೋಲುತ್ತಿದೆ ಎನ್ನುವುದನ್ನು ಒಪ್ಪಿಕೊಳ್ಳುವ ಬದಲು ಅದನ್ನು ಯಾರೋ ಸೋಲಿಸುತ್ತಿದ್ದಾರೆ ಎಂದುಕೊಂಡೆ. ತಕ್ಕಡಿಗೆ ಒದ್ದೆ. ಅದು ಮಗುಚಿತು.

“ಒಂದು ಚಕ್ಕೆ ಒಳಗೆ ಹೋದ್ರೂ ಆ ಪುಸ್ತಕ ಹರಿದು ಒಲೆಗೆ ಹಾಕ್ತೀನಿ,” ಎಂದೆ. ಅಣ್ಣನ ಕಡೆ ತಿರುಗಿದೆ. “ನೀನು ಆರು ಬ್ಯಾರನ್ ಕೆಡಿಸಿದ್ದು ಸಾಲದಾ? ಕದ್ದು ಕದ್ದು ಸೌದೆ ಇಟ್ಟು ನನ್ನ ಪುಸ್ತಕ ಸುಳ್ಳು ಮಾಡಿದ್ದು ನೀನು. ಗೊತ್ತಿಲ್ಲದೆ ಇಟ್ಟೆ ಅಂತೀಯ. ನಿನಗೆ ಎಲ್ಲಾ ಗೊತ್ತಿತ್ತು. ಗೋಡೆ ಮುಟ್ಟಿ ಬಿಸಿ ಹೇಳೋ ದಾಸಯ್ಯನಿಗೆ ತಮ್ಮನ ಒಲೆ ಬಂದ್ರೆ ಬೆಲೆ ಇರಲ್ಲ. ಅದು ನಿನ್ನ ಹೊಟ್ಟೆಯುರಿ.”

ಮಳೆ ಹನಿ ಹೆಂಚಿನಿಂದ ಇಳಿಯುತ್ತಿತ್ತು. ಅಣ್ಣ ನನ್ನನ್ನು ನೋಡಿದ. ಸಿಟ್ಟಾಗಿದ್ದರೆ ನನಗೆ ಗೊತ್ತಾಗುತ್ತಿತ್ತು, ಸಿಟ್ಟು ನನಗೆ ಪರಿಚಯದ್ದು. ಸಿಟ್ಟಿರಲಿಲ್ಲ. ಬಗ್ಗಿ ಕೊರಡನ್ನು ಸದ್ದಾಗದಂತೆ ನೆಲಕ್ಕಿಟ್ಟ. ಹಗ್ಗ ದಾಟಿ ಆಚೆ ಹೋಗಿ ಮೊದಲು ಕೂತಿದ್ದ ಕಲ್ಲಿನ ಮೇಲೆಯೇ ಕೂತ.

ಅತ್ತಿಗೆ ಬಾಗಿಲಿಂದ ಗಂಡನಿಗೆ ಕೂಗಿದರು: “ನಿಂದೇ ಬ್ಯಾರನ್ ಅಲ್ವಾ? ಕೊಡ್ಲಿ ತಕ್ಕಂಡು ಬೀಗ ಒಡಿ. ಕಲ್ಲಂಗೆ ಕೂತಿದ್ದಾನೆ ನೋಡು.”

“ಅವ್ನ ಒಲೆ,” ಎಂದ ಅಣ್ಣ. ಅಷ್ಟೇ.

ಎರಡು ದಿನ ಹೊಟ್ಟು ಸುರಿದೆ. ನೂರ ನಲವತ್ತೆರಡು ದಾಟಲಿಲ್ಲ. ಏಳನೇ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಒದ್ದೆ ಗೋಣಿಚೀಲದ ನಾತ ಮುಖಕ್ಕೆ ಬಡಿಯಿತು. ಬಂಗಾರದ ಬಣ್ಣಕ್ಕೆ ಬಂದು ನಿಂತಿದ್ದ ಎಲೆಯ ನಡುವೆ ದಂಟಿನುದ್ದಕ್ಕೂ ಕಪ್ಪು ಹರಿದಿತ್ತು. ಮೇಲಿನ ಅಟ್ಟಗಳಲ್ಲಿ ಬೂಷ್ಟು ಬಿಳಿಯಾಗಿ ಹಿಡಿದಿತ್ತು. ಮುಟ್ಟಿದರೆ ಎಲೆ ಕೈಗೆ ಅಂಟುತ್ತಿತ್ತು. ಒಂದು ಕಡ್ಡಿಯೂ ಹರಾಜಿಗೆ ಹೋಗುವ ಹಾಗಿರಲಿಲ್ಲ.

ಅಣ್ಣನೇ ಮೇಲೆ ಹತ್ತಿ ಒಂದೊಂದು ಕಡ್ಡಿಯನ್ನೂ ಇಳಿಸಿಕೊಟ್ಟ. ನಾನು ಕೆಳಗೆ ಹಿಡಿದುಕೊಂಡೆ. ಪವಿತ್ರಾ, ಅತ್ತಿಗೆ ತಿಪ್ಪೆಗೆ ಹೊತ್ತರು. ಎಂಟುನೂರು ಕಡ್ಡಿ ಇಳಿಸುವವರೆಗೆ ಅವನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. “ಹಿಡ್ಕೋ” ಎಂದೂ ಅನ್ನಲಿಲ್ಲ. ಮಾತಿನ ಬಾಕಿಯನ್ನೆಲ್ಲ ಅತ್ತಿಗೆ ತೀರಿಸಿದರು. ಅವರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲವೂ ನನಗೆ ಸಲ್ಲಬೇಕಾದದ್ದೇ. ಕೊನೆಗೆ ಇಷ್ಟು ಹೇಳಿದರು: “ಆ ಮನ್ಸ ನಿಂಗೆ ಒಂದು ದಿನ ಕೆಟ್ಟದ್ದು ಬಯಸಿದ್ರೆ ನನ್ ಕಣ್ಣು ಇಂಗೋಗ್ಲಿ. ಒಟ್ಟೆಉರಿ ಅಂದ್ಯಲ್ಲೋ.”

ನಾನು ಕ್ಷಮೆ ಕೇಳಬೇಕೆಂದುಕೊಂಡೆ. ಮೂರು ದಿನ ಅವನ ಮನೆ ಮುಂದೆ ಹಾದುಹೋದೆ. ಕ್ಷಮೆ ಕೇಳಿ ಅಭ್ಯಾಸವಿಲ್ಲ. ಮುತ್ತಣ್ಣ ಬಂದುಹೋಗಲಿ, ದುಡ್ಡು ಬಂದರೆ ಮೊದಲ ಒಲೆ ಅವನಿಗೇ, ಸೊಪ್ಪಿನ ನಷ್ಟವನ್ನೂ ಕಟ್ಟಿಕೊಡೋಣ, ಆಗ ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ.

ಮುತ್ತಣ್ಣ ಗುರುವಾರ ಹನ್ನೊಂದಕ್ಕೆ ಜೀಪಿನಲ್ಲಿ ಬಂದರು. ಎತ್ತರದ ಮನುಷ್ಯ, ಮಾತು ಕಮ್ಮಿ. ಬ್ಯಾರನ್ ಮುಂದೆ ಕುರ್ಚಿ ಹಾಕಿದ್ದೆವು. ಅಣ್ಣ ಬರುತ್ತಾನೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಬಂದ. ಒಗೆದ ಅಂಗಿ ಹಾಕಿಕೊಂಡು ಬಂದು ಜಗಲಿಯ ತುದಿಯಲ್ಲಿ ಕೂತ. ಮನೆಗೆ ಬಂದವರ ಮುಂದೆ ತಮ್ಮನ ಮರ್ಯಾದೆ ತೆಗೆಯಬಾರದೆಂದು ಬಂದಿದ್ದ.

ನಾನು ಬಾಯಿಪಾಠದ ಮಾತು ಆಡಲಿಲ್ಲ. ಪವಿತ್ರಾ ವರದಿಯೊಳಗೆ ಕೈಬರಹದ ಎರಡು ಹಾಳೆ ಸೇರಿಸಿದ್ದಳು. ಆರು ಬ್ಯಾರನ್ನಿನ ಸೊನ್ನೆ ಸುಳ್ಳು ಎಂದು ಹೇಳಿದೆ, ಯಾಕೆಂದು ಹೇಳಿದೆ. ಏಳನೆಯದು ತಿಪ್ಪೆ ಸೇರಿತು ಎಂದೂ ಹೇಳಿದೆ. ಕೊರಡು ಇಡುವ ರೂಢಿಯನ್ನು ಕೇಳಿ ಮುತ್ತಣ್ಣ ನಗಲಿಲ್ಲ, ಪೆನ್ಸಿಲಿನಲ್ಲಿ ಬರೆದುಕೊಂಡರು. ಪುಟ ತಿರುವಿ ಡಿಗ್ರಿಗಳ ಮೇಲೆ ಬೆರಳಾಡಿಸಿದರು. ಬೆರಳು ಐದನೇ ದಿನದ ಮೇಲೆ ನಿಂತಿತು.

“ನಾಲ್ಕು ದಿನ ಬರೀ ಹೊಟ್ಟಿನಲ್ಲಿ ನಡೆದಿದೆ, ಅಲ್ವಾ?”

“ನಡೆದಿದೆ.”

“ಐದನೇ ದಿನ ಸೌದೆ ಯಾಕೆ ಹಾಕಲಿಲ್ಲ? ತೂಗಿ ಹಾಕಬಹುದಿತ್ತಲ್ಲ.”

ಪವಿತ್ರಾ ನೆಲ ನೋಡಿದಳು. ನಾನು ಹೇಳಿದೆ: “ನೀವು ಹೊಟ್ಟಿನ ಒಲೆ ನೋಡೋಕೆ ಬರ್ತಿದ್ರಿ.”

“ನಾನು ಉಳಿತಾಯ ನೋಡಲಿಕ್ಕೆ ಬಂದದ್ದು. ನಾಲ್ಕು ದಿನ ಹೊಟ್ಟು, ಒಂದು ದಿನ ಸೌದೆ. ನನಗೆ ಅಷ್ಟೇ ಸಾಕಿತ್ತು. ಕುಶಾಲನಗರದಿಂದ ನಾಲ್ಕು ದಿನದ ಹೊಟ್ಟು ಸಾಗಿಸಿದರೆ ನನಗೂ ಗಿಟ್ಟುತ್ತದೆ, ರೈತನಿಗೂ ಗಿಟ್ಟುತ್ತದೆ.” ಅವರು ವರದಿ ಮುಚ್ಚಲಿಲ್ಲ. “ಈಗಲೂ ಗಿಟ್ಟುತ್ತದೆ. ಒಲೆ ಕೆಟ್ಟದ್ದಲ್ಲ. ನೀವು ಸುಳ್ಳು ಹೇಳದೆ ಇದ್ದದ್ದೂ ಒಳ್ಳೆಯದೇ. ಎರಡು ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇನೆ. ಮೂರನೆಯದು ಉಳಿದಿದೆ.”

ಪವಿತ್ರಾ ತಲೆ ಎತ್ತಿದಳು. ಸತ್ತಿತು ಅಂದುಕೊಂಡಿದ್ದು ಉಸಿರಾಡುತ್ತಿತ್ತು.

ಮುತ್ತಣ್ಣ ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಅಣ್ಣನ ಕಡೆ ನೋಡಿದರು. “ನಿಮ್ಮ ಹೆಸರು ದಾಸಯ್ಯ ಅಲ್ವಾ? ಈ ಕಡೆ ನಿಮ್ಮ ಹೆಸರು ಕೇಳಿ ತಿಳಿದಿದ್ದೇನೆ. ನೂರು ಮನೆಯವರ ಹತ್ತಿರ ಹೋಗಿ ಈ ಒಲೆ ಹಾಕಿಸಿ ಅಂದರೆ ಅವರು ಮೊದಲು ಕೇಳುವುದು, ದಾಸಯ್ಯನ ಬ್ಯಾರನ್‌ನಲ್ಲಿ ಇದೆಯಾ ಅಂತ. ಸೊಪ್ಪು ಹೋದದ್ದು ನಿಮ್ಮದು. ನಿಮ್ಮನ್ನೇ ಕೇಳುತ್ತೇನೆ. ಮುಂದಿನ ವರ್ಷ ಈ ಒಲೆ ನಿಮ್ಮಲ್ಲಿ ಇರುತ್ತದಾ? ನೀವು ಹೂಂ ಅಂದರೆ ನಾನು ಇವತ್ತೇ ಕಾಗದಕ್ಕೆ ಸಹಿ ಹಾಕುತ್ತೇನೆ.”

ಒಂದು ಹೂಂ. ಅದಕ್ಕೆ ಅವನು ಬಾಯಿ ತೆರೆಯುವುದೂ ಬೇಕಿರಲಿಲ್ಲ, ತಲೆ ಆಡಿಸಿದರೂ ನಡೆಯುತ್ತಿತ್ತು. ನನ್ನಣ್ಣ ನನಗಾಗಿ ಎಷ್ಟೋ ವರ್ಷ ಎಷ್ಟೋ ಸಲ ತಲೆ ಆಡಿಸಿದ್ದ. ಶೆಡ್ಡಿಗೆ ಜಾಗ ಕೇಳಿದಾಗ ಆಡಿಸಿದ್ದ, ಒಲೆ ಒಡೆಯಲು ಕೇಳಿದಾಗ ಆಡಿಸಿದ್ದ.

ಅಣ್ಣ ಒಲೆಯನ್ನು ನೋಡಿದ. ಮಗಳನ್ನು ನೋಡಿದ. ಅವಳು ಕೈಯಲ್ಲಿದ್ದ ಪೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. ಇಲ್ಲ ಎಂದರೆ ಬಂದವರ ಮುಂದೆ ನನ್ನನ್ನು ಕೆಡವಿದ ಹಾಗೆ. ಹೂಂ ಎಂದರೆ ಅವನ ಅಂಗೈಗೆ ಗೊತ್ತಿದ್ದುದಕ್ಕೆ ವಿರುದ್ಧ ನೂರು ಮನೆಯವರಿಗೆ ಸಾಕ್ಷಿ ಹೇಳಿದ ಹಾಗೆ, ಒಲೆಯ ವಿಚಾರಕ್ಕಲ್ಲ, ನನ್ನ ವಿಚಾರಕ್ಕೆ. ಬೆಂಕಿ ಇಳಿಯುವಾಗ ಕೊರಡು ಹಿಡಿದು ಬಂದವನ ಮುಂದೆ ಬೀಗ ಹಾಕಿಕೊಂಡು ನಿಲ್ಲುವವನನ್ನು ನಂಬಿ ಎಂದು ಹೇಳಬೇಕಿತ್ತು ಅವನು.

ಹೆಗಲ ಮೇಲಿನ ಟವೆಲ್ಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡು ಎದ್ದ.

“ದನಕ್ಕೆ ನೀರು ತೋರ್ಸಿಲ್ಲ ಸ್ವಾಮಿ. ತೋರ್ಸಿ ಬತ್ತೀನಿ, ಕೂತಿರಿ,” ಎಂದ.

ಮನೆಯ ಮಗ್ಗುಲಿಂದ ಹಿತ್ತಲ ಕಡೆ ತಿರುಗಿದ. ನಾವು ಕೂತೆವು. ಅತ್ತಿಗೆ ಕಾಫಿ ತಂದುಕೊಟ್ಟರು. ಮುತ್ತಣ್ಣ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗಡಿಯಾರ ನೋಡಿಕೊಂಡರು. ಪವಿತ್ರಾ ವರದಿಯ ಯಾವುದೋ ಪುಟದ ಬಗ್ಗೆ ಏನೋ ವಿವರಿಸಿದಳು, ಅವರು ಕೇಳಿಸಿಕೊಂಡರು. ಅರ್ಧ ಗಂಟೆಯಾಯಿತು. ಕೊಟ್ಟಿಗೆಯಲ್ಲಿ ಹಸು ಕೂಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಕೂಗಿತು. ನೀರು ಕಾಣದ ದನಗಳ ಕೂಗು, ಅದು ಯಾರಿಗಾದರೂ ಗೊತ್ತಾಗುತ್ತದೆ.

ಪವಿತ್ರಾ ಎದ್ದುಹೋಗಿ ಹಿತ್ತಲಲ್ಲಿ ನೋಡಿ, ಒಬ್ಬಳೇ ವಾಪಸ್ ಬಂದು ತನ್ನ ಜಾಗದಲ್ಲಿ ಕೂತಳು.

“ಬರ್ತಾರಾ?” ಎಂದು ಮುತ್ತಣ್ಣ ನನ್ನನ್ನು ಕೇಳಿದರು.

ನಾನು ರಸ್ತೆ ಕಡೆ ನೋಡಿದೆ. ಹುಣಸೂರಿನ ಬಸ್ಸು ನಿಂತು ಹೊರಟಿತು.

ಒಂದೂವರೆಯವರೆಗೆ ಕಾದೆವು. ಅಣ್ಣ ಬರಲಿಲ್ಲ.